ಖಾನಾಪುರಕ್ಕೆ ಎರಡು ಕಮ್ಮಿ

ನೀರು ಕುಡಿದ ಮಣ್ಣಿನ ತಟ್ಟೆ ಸುತ್ತಲಿನ ಗಾಳಿಗಿಂತ ಎರಡೂವರೆ ಡಿಗ್ರಿ ತಣ್ಣಗಿರುತ್ತದೆ. ಮಳೆ ನಿಂತು ಬಿಸಿಲು ಬಿದ್ದಾಗ ಅದರ ಅಂಚು ಮೊದಲು ಒಣಗುತ್ತದೆ, ನಡು ಕೊನೆಗೆ. ನಡುವಿನ ಆ ಕಪ್ಪು ಕಲೆ ಪೂರ್ತಿ ಮಾಯವಾಗುವವರೆಗೂ ಕೆಳಗಿನ ಥರ್ಮಾಮೀಟರ್ ಸುಳ್ಳು ಹೇಳುತ್ತಲೇ ಇರುತ್ತದೆ.

ಇದನ್ನು ನಾನು ಕಲಿತದ್ದು ಊರೆಲ್ಲ ನಕ್ಕ ಮೇಲೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ಸೇರಿಕೊಂಡೆ. ಕರಗಿದ ಕಬ್ಬಿಣದ ಉಷ್ಣತೆ ಅಳೆಯುವ ಉಪಕರಣಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ನನ್ನ ಪಾಲಿಗೆ ಬಂದಿದೆ. ಕಬ್ಬಿಣದ ಬಿಸಿ ಅಳೆಯುವುದು ಅಷ್ಟು ಕಷ್ಟವಲ್ಲ. ಅದು ತನ್ನ ಬಿಸಿಯನ್ನು ಮುಚ್ಚಿಡುವುದಿಲ್ಲ. ಮನೆಯ ಅಂಗಳದ ಗಾಳಿ ಹಾಗಲ್ಲ. ಗಾಳಿಯ ಉಷ್ಣತೆ ಅಳೆಯುತ್ತೇವೆ ಎಂದುಕೊಂಡವರಲ್ಲಿ ಹೆಚ್ಚಿನವರು ಅಳೆಯುವುದು ಬಿಸಿಲನ್ನು, ಗೋಡೆಯನ್ನು, ಕಾಂಕ್ರೀಟನ್ನು. ಥರ್ಮಾಮೀಟರಿಗೆ ನೆರಳೂ ಬೇಕು, ಗಾಳಿಯೂ ಬೇಕು. ನೆರಳಿಗೆಂದು ಮುಚ್ಚಿದರೆ ಗಾಳಿ ನಿಲ್ಲುತ್ತದೆ, ಗಾಳಿಗೆಂದು ತೆರೆದರೆ ಬಿಸಿಲು ನುಗ್ಗುತ್ತದೆ. ಅದಕ್ಕಾಗಿ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಬೆರಳಷ್ಟು ಸಂದು ಬಿಟ್ಟು, ಒಂದರ ಮೇಲೊಂದು ಜೋಡಿಸಿ ಅದರೊಳಗೆ ಸೆನ್ಸರ್ ತೂಗುಹಾಕುತ್ತಾರೆ. ನಾವು ಅದನ್ನು ಗೂಡು ಎನ್ನುತ್ತೇವೆ.

ಅಂಗಡಿಯಲ್ಲಿ ಸಿಗುವ ಗೂಡು ಪ್ಲಾಸ್ಟಿಕ್ಕಿನದು. ಆದರೆ ನಾನು ಖಾನಾಪುರದವಳು. ನಮ್ಮೂರಿನ ಮಣ್ಣಿನಲ್ಲಿ ಹಂಚಿನಿಂದ ಹಿಡಿದು ಹೂಕುಂಡದವರೆಗೆ ಎಲ್ಲ ಆಗುತ್ತದೆ, ಕುಂಡದ ಕೆಳಗಿಡುವ ತಟ್ಟೆಗಳು ನಮ್ಮ ಹಿತ್ತಲಲ್ಲಿ ರಾಶಿಯಾಗಿ ಬಿದ್ದಿದ್ದವು. ಕೆಲವಕ್ಕೆ ನಡುವೆ ತೂತು ಕೊರೆದು, ಸುಣ್ಣ ಬಳಿದು, ಅಂಗಳದ ಕಂಬಕ್ಕೆ ಏರಿಸಿದೆ. ಬೇಸಿಗೆಯಿಡೀ ಆ ಗೂಡು ಚೆನ್ನಾಗಿಯೇ ನಡೆಯಿತು. ಆಮೇಲೆ ಮಳೆ ಹಿಡಿಯಿತು. ಗಡಿಗೆಯಲ್ಲಿ ನೀರು ಯಾಕೆ ತಣ್ಣಗಾಗುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನಾನು ಆ ಗಡಿಗೆಯನ್ನೇ ಬೋರಲು ಹಾಕಿ ಅದರೊಳಗೆ ಥರ್ಮಾಮೀಟರ್ ಇಟ್ಟಿದ್ದೇನೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಬೆಳಗಾವಿ, ಖಾನಾಪುರ ಕಡೆ ಮನೆಯಲ್ಲೇ ಹವಾಮಾನ ನೋಡುವವರ ಒಂದು ವಾಟ್ಸಾಪ್ ಗುಂಪಿದೆ. ಕಟ್ಟಿದವರು ಸದಾಶಿವನಗರದ ಒಬ್ಬ ನಿವೃತ್ತ ಇಂಜಿನಿಯರರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ. ಸಂಜೆ ಎಲ್ಲರೂ ತಮ್ಮ ತಮ್ಮ ಗರಿಷ್ಠ, ಕನಿಷ್ಠ ಉಷ್ಣತೆಯನ್ನು ಸಾಹೇಬರಿಗೆ ಕಳಿಸುತ್ತಿದ್ದೆವು. ಸಾಹೇಬರು ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಹಾಗೆ ಅದನ್ನು ಓದಿ, ಧ್ವನಿ ಸಂದೇಶ ಮಾಡಿ ಹಾಕುತ್ತಿದ್ದರು. ಆ ಸಂದೇಶ ನಮ್ಮ ಗುಂಪಿನಲ್ಲಿ ನಿಲ್ಲುತ್ತಿರಲಿಲ್ಲ. ಓಣಿಯ ಗುಂಪು, ಸಂಘದ ಗುಂಪು, ಬೀಗರ ಗುಂಪು ಎಲ್ಲ ದಾಟಿ ಖಾನಾಪುರದಲ್ಲಿ ಅವ್ವನ ಭಜನಾ ಮಂಡಳಿಯ ಫೋನುಗಳಿಗೂ ಬಂದು ಮುಟ್ಟುತ್ತಿತ್ತು.

ಮಳೆ ಬಿಡುವು ಕೊಟ್ಟ ಒಂದು ದಿನ ಎಲ್ಲರದ್ದೂ ಇಪ್ಪತ್ತೇಳರ ಆಸುಪಾಸು ಇದ್ದಾಗ ನನ್ನದು ಇಪ್ಪತ್ತನಾಲ್ಕೂವರೆ ಬಂತು. ಸಾಹೇಬರು ಗೂಡಿನ ಫೋಟೊ ಕಳಿಸಿ ಎಂದರು. ಕಳಿಸಿದೆ. ಅಂದು ಸಂಜೆ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಫೋನಿನಲ್ಲಿ ಸಾಹೇಬರ ಸಂದೇಶ ಹಚ್ಚಿದಳು.

"ನಮಸ್ಕಾರ್ರೀ. ಇವತ್ತಿನ ಹವಾ. ಇವತ್ತ ಖಾನಾಪುರದ್ದು ಇಲ್ಲ. ಯಾಕಂದ್ರ ಖಾನಾಪುರದ ತಂಗಿ ಥರ್ಮಾಮೀಟರ್ ಗಡಿಗ್ಯಾಗ ಇಟ್ಟಾಳ. ನಾಳಿಂದ ಮಜ್ಜಗಿನೂ ಅದರಾಗ ಇಡ್ತಾಳಂತ. ಯಾರಿಗರೆ ತಣ್ಣನ ಮಜ್ಜಗಿ ಬೇಕಾದ್ರ ಹೇಳ್ರಿ."

ಹಿಂದಿನಿಂದ ಯಾರೋ ನಗುವುದೂ ಕೇಳಿಸಿತು.

"ಯಾರಿಗೆ ಅನ್ನಾಕತ್ತಾನ ಇಂವ?" ಅವ್ವ ಕೇಳಿದಳು.

"ನನಗೇನ ಗೊತ್ತು."

"ಖಾನಾಪುರದಾಗ ಗಡಿಗಿ ತಗೊಂಡು ಕಂಬಕ್ಕ ಏರಿಸಿದಾಕಿ ನೀ ಒಬ್ಬಾಕಿನ ಅದಿ."

ಮರುದಿನದಿಂದ ಗುಂಪಿನಲ್ಲಿ ನನ್ನ ಹೆಸರು ಗಡಿಗಿ ಎಂದಾಯಿತು. ಇವತ್ತು ಗಡಿಗಿ ಎಷ್ಟು ತೋರಿಸಿತು ಎಂದು ಒಬ್ಬರು, ಗಡಿಗಿ ಸೋರಾಕತ್ತೇತೇನು ಎಂದು ಇನ್ನೊಬ್ಬರು.

ಗಡಿಗೆಯ ಮಾತು ನಿಜವಾಗಿತ್ತು, ಅದನ್ನು ನಾನು ಅಲ್ಲಗಳೆಯಲಿಲ್ಲ. ಮುಂದಿನ ರಜೆಗೆ ಮಣ್ಣಿನ ತಟ್ಟೆಗಳನ್ನು ಇಳಿಸಿ ಬಿಳಿಯ ಪ್ಲಾಸ್ಟಿಕ್ ತಟ್ಟೆಗಳ ಗೂಡು ಮಾಡಿದೆ. ಒಳಮೈಗೆ ಕಪ್ಪು ಬಣ್ಣ, ಹೊರಗೆ ಬಿಳಿ. ಗೋಡೆಯಿಂದ ದೂರ, ಹುಲ್ಲಿನ ಮೇಲೆ, ನನ್ನ ಎದೆಯ ಎತ್ತರಕ್ಕೆ. ಪ್ರಯೋಗಾಲಯದ ಥರ್ಮಾಮೀಟರನ್ನು ಅನುಮತಿ ಕೇಳಿ ಮನೆಗೆ ತಂದು, ಎರಡನ್ನೂ ಜೊತೆಗಿಟ್ಟು, ಬಿಸಿಲಲ್ಲಿ, ಮೋಡದಲ್ಲಿ, ಮಳೆಯಲ್ಲಿ ನೋಡಿದೆ. ವ್ಯತ್ಯಾಸ ಕಾಲು ಡಿಗ್ರಿ ದಾಟಲಿಲ್ಲ. ಅದನ್ನೆಲ್ಲ ಬರೆದು, ಫೋಟೊ ಸಹಿತ ಗುಂಪಿಗೆ ಕಳಿಸಿದೆ.

ಸಾಹೇಬರ ಉತ್ತರ ಧ್ವನಿಯಲ್ಲೇ ಬಂತು. "ಗಡಿಗಿ ಹೋತು, ತಾಟು ಬಂತು. ನಾಳೆ ಚಮಚಾ, ನಾಡಿದ್ದ ವಾಟಗಾ. ತಂಗಿ, ಅಡಗಿ ಮನಿ ಬಿಟ್ಟು ಹೊರಗ ಬರ್ರಿ."

ನಾನು ಯಾರಿಗೂ ಸುಮ್ಮನೆ ಫೋನು ಮಾಡುವವಳಲ್ಲ. ಅವತ್ತು ಮಾಡಿದೆ.

"ಸಾಹೇಬ್ರ, ಖಾನಾಪುರದಾಕಿರಿ ನಾ. ಈಗ ನನ್ನ ರೀಡಿಂಗ್ ಸರಿ ಬರಾಕತ್ತಾವ್ರಿ. ಮತ್ತ ಓದ್ರಿ."

"ಓದಾಕತ್ತೀನಲ್ಲ ತಂಗಿ. ಖಾನಾಪುರ ಒಂದಿನಾ ಬಿಟ್ಟಿಲ್ಲ ಆಮ್ಯಾಲೆ."

"ನಾ ಕಳಿಸಿದ್ದು ಓದಿಲ್ರಿ ನೀವು. ನಿನ್ನೆ ನಾ ಇಪ್ಪತ್ತೈದು ಅಂತ ಕಳಿಸೀನಿ. ನೀವು ಇಪ್ಪತ್ತೇಳು ಅಂದ್ರಿ."

"ಹೌದಲಾ. ನಮ್ಮದಕ್ಕಿಂತ ಎರಡು ಕಮ್ಮಿ ಹಿಡದು ಹೇಳಿಬಿಡ್ತೀನಿ. ಖಾನಾಪುರ ಅಂದ್ರ ಅಡವಿ ಬಾಜು. ಎರಡು ಕಮ್ಮಿ ಇರೂದನ. ಜನಕ್ಕೇನ ಗೊತ್ತಾಗ್ತದ?"

"ಅದು ಅಳದದ್ದಲ್ರಿ."

"ಅಳದ್ರ ಗಡಿಗಿ ಆಗ್ತದ," ಎಂದು ನಕ್ಕರು. "ನೀವು ನಿಮ್ಮ ಫೌಂಡ್ರಿ ನೋಡ್ಕೋರಿ ತಂಗಿ. ಹವಾ ನಮಗ ಬಿಡ್ರಿ."

ಗಡಿಗೆಗೆ ನಕ್ಕದ್ದನ್ನು ನಾನು ಕಾಲಕ್ರಮದಲ್ಲಿ ಮರೆಯುತ್ತಿದ್ದೆನೇನೋ. ಇದನ್ನು ಮರೆಯಲಾಗಲಿಲ್ಲ. ಸದಾಶಿವನಗರದ ಕುರ್ಚಿಯಲ್ಲಿ ಕೂತು ಅವರು ನನ್ನ ಅಂಗಳದ ಗಾಳಿಗೆ ಒಂದು ಅಂಕಿ ಹುಟ್ಟಿಸುತ್ತಿದ್ದರು. ಅದು ಅದೇ ಸಂಜೆ ನಮ್ಮೂರಿಗೆ ಬಂದು ನಮ್ಮೂರಿನ ಉಷ್ಣತೆ ಎನಿಸಿಕೊಳ್ಳುತ್ತಿತ್ತು. ಅವ್ವ ಕೂಡ ಕೈಯೊರೆಸಿಕೊಳ್ಳುತ್ತ "ಇವತ್ತ ಇಪ್ಪತ್ತೆಂಟಂತ ನೋಡ" ಎನ್ನುತ್ತಿದ್ದಳು. ಅವಳ ಬೆನ್ನ ಹಿಂದೆ, ಗೋಡೆಯ ಮೇಲೆ, ಅಂಗಳದ ಗೂಡಿಗೆ ಜೋಡಿಸಿದ ನನ್ನ ಯಂತ್ರ ಆ ದಿನದ ಗರಿಷ್ಠ ಇಪ್ಪತ್ತೈದೂವರೆ ಎಂದು ತೋರಿಸುತ್ತಿತ್ತು. ನೀನೇ ತಿರುಗಿ ನೋಡು ಎಂದರೆ, "ಅಂವ ದೊಡ್ಡ ಮನಷಾ, ಮಷೀನೂ ದೊಡ್ಡದಿರಬೇಕು" ಎನ್ನುತ್ತಿದ್ದಳು.

ನನಗೆ ಬೇಕಾದದ್ದು ಇಷ್ಟೇ. ಯಾರ ಎದುರು ನನ್ನ ಅಂಕಿಯನ್ನು ತೆಗೆದುಹಾಕಿದರೋ ಅವರ ಎದುರೇ ಸಾಹೇಬರು ಅದನ್ನು ವಾಪಸು ಇಡಬೇಕು. ತಮ್ಮದು ಕಟ್ಟಿದ ಅಂಕಿ ಎಂದು ತಮ್ಮ ಬಾಯಿಂದಲೇ ಹೇಳಬೇಕು. ಕ್ಷಮೆ ಬೇಕಿರಲಿಲ್ಲ. ಕ್ಷಮೆ ಕೇಳಿದರೆ ಕೊಡಬೇಕಾಗುತ್ತದೆ.

ದಿನದ ಅಂಕಿಯನ್ನು ಸಾಹೇಬರಿಗೆ ಕಳಿಸುತ್ತಲೇ ಇದ್ದೆ, ಗುಂಪಿನಲ್ಲಿ ಮತ್ತೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಅವರು ಹಾಕುತ್ತಿದ್ದ ಫೋಟೊಗಳನ್ನು ಮಾತ್ರ ನೋಡುತ್ತ ಹೋದೆ. ಸಾಹೇಬರಿಗೆ ತಮ್ಮ ಯಂತ್ರದ ಫೋಟೊ ಹಾಕುವ ಚಟ. ಹೊರದೇಶದಿಂದ ತರಿಸಿದ್ದು, ಒಳ್ಳೆಯ ಯಂತ್ರವೇ. ಆದರೆ ಕೂರಿಸಿದ ಜಾಗ? ಟೆರೇಸಿನ ಮೇಲೆ, ನೀರು ಕಾಯಿಸುವ ಸೋಲಾರಿನ ಕಬ್ಬಿಣದ ಸ್ಟ್ಯಾಂಡಿಗೆ ನಟ್ಟು ಬಿಗಿದು ಹಚ್ಚಿದ್ದರು. ಕೆಳಗೆ ಕೆಂಪು ಟೈಲ್ಸು, ಪಕ್ಕದಲ್ಲಿ ಕರಿಯ ನೀರಿನ ಟಾಕಿ. ಬೆಳಗಾವಿಯ ಗಾಳಿ ಅಳೆಯಲು ಇದಕ್ಕಿಂತ ಕೆಟ್ಟ ಜಾಗ ಹುಡುಕಬೇಕೆಂದರೆ ಒಲೆಯ ಮೇಲೇ ಇಡಬೇಕು.

ಆದರೂ ಕಾಯಬೇಕಿತ್ತು. ಮೋಡದ ಕೆಳಗೆ ಎಲ್ಲ ಥರ್ಮಾಮೀಟರುಗಳೂ ಪ್ರಾಮಾಣಿಕವಾಗಿರುತ್ತವೆ. ಮಳೆ ಹಿಂದಾಗಿ, ಆಕಾಶ ಬಿಚ್ಚಿ, ಗಾಳಿ ಬಿದ್ದು ನೆತ್ತಿ ಸುಡುವ ದಿನಗಳು ಬರಬೇಕಿತ್ತು.

ಕಾಯುವಾಗ ನಾನು ಅವರ ತಪ್ಪಿನ ಒಂದು ನಕಲು ಮಾಡಿದೆ. ನಮ್ಮ ಬಚ್ಚಲುಮನೆಯ ಮಾಳಿಗೆಯ ಮೇಲೆ ಹಳೆಯ ಕಬ್ಬಿಣದ ಮಂಚದ ಚೌಕಟ್ಟನ್ನು ನಿಲ್ಲಿಸಿ, ಅದಕ್ಕೆ ಒಂದು ಗೂಡನ್ನು ಸಾಹೇಬರು ಬಿಗಿದ ಹಾಗೆಯೇ ಬಿಗಿದೆ. ಬಿಸಿಲು ಚುರುಕಾದ ದಿನಗಳಲ್ಲಿ ಅದು ಅಂಗಳದ ಗೂಡಿಗಿಂತ ಎರಡೂವರೆ, ಮೂರು ಡಿಗ್ರಿ ಹೆಚ್ಚು ತೋರಿಸತೊಡಗಿತು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅದನ್ನೊಮ್ಮೆ ನೋಡಿ ಹೋಗುತ್ತಿದ್ದೆ, ಕಟ್ಟಿ ಮೇಯಿಸುತ್ತಿರುವ ಕುರಿಯನ್ನು ನೋಡುವ ಹಾಗೆ.

ದಸರೆ ಹತ್ತಿರ ಬಂದಾಗ ಸಾಹೇಬರೇ ದಾರಿ ತೋರಿಸಿದರು. "ಖಂಡೇನವಮಿ ದಿನ ನಮ್ಮ ಸ್ಟೇಶನ್ನಿಗೆ ಪೂಜಾ ಅದ. ಗುಂಪಿನವರೆಲ್ಲಾ ಊಟಕ್ಕ ಬರಬೇಕು. ಗಡಿಗಿಯವ್ರೂ ಬರ್ರಿ, ನಾಚಕೋಬ್ಯಾಡ್ರಿ."

ನನ್ನ ತಲೆಯಲ್ಲಿ ಮೊದಲು ಬಂದದ್ದು ಹಾರ. ಆಯುಧ ಪೂಜೆ ಎಂದ ಮೇಲೆ ಹಾರ ಹಾಕದೆ ಬಿಡುವವರು ಯಾರು? ಸೈಕಲ್ಲಿಗೆ ಹಾಕುತ್ತಾರೆ, ಕುಕ್ಕರಿಗೆ ಹಾಕುತ್ತಾರೆ. ಸಾಹೇಬರು ಗೂಡಿಗೆ ಚೆಂಡುಹೂವಿನ ಹಾರ ಸುತ್ತುತ್ತಾರೆ, ಅದೂ ದಪ್ಪನೆಯದು. ಹಾರ ಸುತ್ತಿದರೆ ತಟ್ಟೆಗಳ ನಡುವಿನ ಸಂದುಗಳು ಮುಚ್ಚುತ್ತವೆ. ಗಾಳಿ ಒಳಗೆ ಹೋಗುವುದು ನಿಲ್ಲುತ್ತದೆ.

ಊಹಿಸಿಕೊಂಡು ಕೂರುವುದು ನನ್ನ ಅಭ್ಯಾಸವಲ್ಲ. ಸಂತೆಯಿಂದ ಚೆಂಡುಹೂವು ತಂದು, ಹಾರ ಕಟ್ಟಿ, ಮಾಳಿಗೆಯ ಮೇಲಿನ ಗೂಡಿಗೆ ಸುತ್ತಿದೆ. ಅವ್ವ ಕೆಳಗೆ ನಿಂತು ಹಣೆಗೆ ಕೈ ಹಚ್ಚಿ ನೋಡಿದಳು.

"ಮಂಚಕ್ಕ ಹಾರ ಹಾಕಾಕತ್ತೀ ಏನ? ಹಬ್ಬ ಇನ್ನೂ ದೂರ ಐತಿ."

"ಪರೀಕ್ಷಾ ನಡದೈತಿ ಅವ್ವಾ."

"ಯಾರ್ದು, ನಿಂದೋ ನಂದೋ? ಬಾಜೂಮನಿಯಾಕಿ ಕೇಳ್ಯಾಳಾಗಲೇ, ತುಮಚಿ ಮುಲಗಿ ಕಾಯ ಕರತೇ, ನಿಮ್ಮ ಮಗಳು ಏನ ಮಾಡಾಕತ್ತಾಳ ಅಂತ. ಏನಂತ ಹೇಳಲಿ?"

"ಪೂಜಾ ಅಂತ ಹೇಳ."

"ಮಂಚದ ಪೂಜಾ ಅಂತ ಹೇಳಿದ್ರ ಅಕಿ ಬ್ಯಾರೆನ ತಿಳಕೋತಾಳ," ಎಂದು ಅವ್ವ ಒಳಗೆ ಹೋದಳು.

ಒಂದು ಸಂಗತಿ ನನ್ನ ಲೆಕ್ಕದಲ್ಲಿರಲಿಲ್ಲ. ಹೂವಿನವಳು ನೀರು ಚಿಮುಕಿಸಿ ಕೊಟ್ಟ ಹೂವು ಒದ್ದೆಯಾಗಿತ್ತು, ಹಾಗಾಗಿ ಮೊದಲು ಅಂಕಿ ಕೆಳಗೇ ಇಳಿಯಿತು. ಬಿಸಿಲಿಗೆ ಹೂವು ಬಾಡಿ ನೀರು ಆರಿದ ಮೇಲೆ ಏರತೊಡಗಿತು, ಏರಿ ಏರಿ ಅಂಗಳದ ಗೂಡಿಗಿಂತ ನಾಲ್ಕು ಡಿಗ್ರಿ ಮೇಲೆ ನಿಂತಿತು. ಆದ್ದರಿಂದ ಸಾಹೇಬರ ಮನೆಗೆ ಪೂಜೆಯ ಹೊತ್ತಿಗೆ ಹೋಗಬಾರದು, ಹೂವು ಬಾಡಿದ ಮೇಲೆ ಹೋಗಬೇಕು.

ಅವರ ಯಂತ್ರದ ಮುಂದೆ ಹಿಡಿಯಲು ನನಗೆ ಎಲ್ಲರೂ ಕಣ್ಣಾರೆ ಓದಬಹುದಾದ ಒಂದು ಥರ್ಮಾಮೀಟರ್ ಬೇಕಿತ್ತು. ಕೈಯಲ್ಲಿ ಹಿಡಿದು ಗಿರಗಿರ ತಿರುಗಿಸುವ ಗಾಜಿನ ಥರ್ಮಾಮೀಟರ್ ಇದೆ. ಹಿಡಿಕೆ ಹಿಡಿದು ತಿರುಗಿಸಿದರೆ ಗಾಳಿ ತಾನಾಗಿ ಅದರ ಬುಡಕ್ಕೆ ಬಡಿಯುತ್ತದೆ, ಗೂಡಿನ ಹಂಗಿಲ್ಲ. ನೆರಳಲ್ಲಿ ತಿರುಗಿಸಿ, ನಿಲ್ಲಿಸಿದ ತಕ್ಷಣ ಓದಬೇಕು. ಅಂಥದ್ದೊಂದನ್ನು ತರಿಸಿ, ಕರಗುವ ಮಂಜುಗಡ್ಡೆಯಲ್ಲಿ ಸೊನ್ನೆ ತೋರಿಸುತ್ತದೆಯೇ ನೋಡಿ, ಪ್ರಯೋಗಾಲಯದ ಬಿಸಿನೀರಿನಲ್ಲಿ ಮತ್ತೆ ನೋಡಿ, ನಿಜ ಹೇಳುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ಸಂಜೆ ಅಂಗಳದಲ್ಲಿ ತಿರುಗಿಸಿ ಕೈ ಪಳಗಿಸಿಕೊಂಡೆ. ತಿರುಗಿಸುವಾಗೆಲ್ಲ ನನಗೆ ಕಾಣುತ್ತಿದ್ದುದು ಒಂದೇ ಮುಖ.

ಖಂಡೇನವಮಿಯ ಬೆಳಿಗ್ಗೆ ಫೌಂಡ್ರಿಯಲ್ಲಿ ಪೂಜೆ. ಆರಿದ ಕುಲುಮೆಗೆ ಕುಂಬಳಕಾಯಿ ಒಡೆದರು. ನನ್ನ ಮೇಜಿನ ಉಪಕರಣ ಒಂದೊಂದಕ್ಕೂ ಕುಂಕುಮ ಬಿತ್ತು. ಪ್ರಸಾದದ ಚುರುಮುರಿ ತಿನ್ನುತ್ತ, ಅವಸರವಿಲ್ಲದೆ, ಬಿಸಿಲು ಬಲಿಯುವುದನ್ನು ನೋಡುತ್ತ ಕೂತೆ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಎಲ್ಲರೂ ಮನೆಗೆ ಹೊರಟ ಮೇಲೆ ರಿಕ್ಷಾ ಹಿಡಿದು ಸದಾಶಿವನಗರಕ್ಕೆ ಹೋದೆ.

ಗೇಟಿನಲ್ಲಿ ಸಾಹೇಬರ ಹೆಂಡತಿ ಸಿಕ್ಕರು.

"ಖಾನಾಪುರದಾಕೇನವಾ? ಬಾ, ಬಾ. ಇವ್ರು ಹೇಳೂದ ಕೇಳಿ ನಾ ಯಾರೋ ಜಗಳಗಂಟಿ ಹೆಣಮಗಳು ಅಂತ ತಿಳದಿದ್ದೆ. ನೀ ನೋಡಿದ್ರ ಬಾಯಿನ ಇಲ್ಲದಾಕಿ ಕಂಡಂಗ ಕಾಣ್ತಿ."

"ಹೂಂರಿ ಕಾಕೂ," ಎಂದೆ.

ಟೆರೇಸಿನ ಮೇಲೆ ಗುಂಪಿನ ಹತ್ತಾರು ಜನ ಶಾಮಿಯಾನದ ಬಟ್ಟೆಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಚೆ ಬಿಸಿಲಲ್ಲಿ ಗೂಡು. ಬಿಳಿಯ ತಟ್ಟೆಗಳ ಮೇಲೆ ವಿಭೂತಿಯ ಪಟ್ಟಿ, ಕುಂಕುಮದ ಬೊಟ್ಟು, ಚೆಂಡುಹೂವಿನ ಹಾರ ಮೂರು ಸುತ್ತು. ಹೂವಿನ ಅಂಚು ಆಗಲೇ ಕಂದಿತ್ತು. ಯಂತ್ರದ ಪರದೆಯನ್ನು ಒಂದು ಸ್ಟೂಲಿನ ಮೇಲೆ ತಂದಿಟ್ಟಿದ್ದರು: 34.6.

ಅದರ ಎದುರು ಖಾಸಬಾಗದ ಬಟ್ಟೆ ಅಂಗಡಿಯ ಸಾಹುಕಾರರು ಕೂತಿದ್ದರು. ಜೈನರು, ವಯಸ್ಸಾದವರು, ಗುಂಪಿನಲ್ಲಿ ನನ್ನನ್ನು ಗಡಿಗಿ ಎನ್ನದವರು ಅವರೊಬ್ಬರೇ. ಅವರ ಹಿತ್ತಲಲ್ಲೂ ಒಂದು ಸಣ್ಣ ಯಂತ್ರವಿದೆ.

"ಸಾಹೇಬ್ರ, ಇವತ್ತ ಭಾಳ ತೋರಸಾಕತ್ತೈತಲ್ರಿ ಇದು. ನಂದು ಮೂವತ್ತೊಂದು ದಾಟಿಲ್ಲ."

"ನಿಮ್ಮ ಹಿತ್ತಲದಾಗ ಪೇರಲ ಗಿಡ ಅದ ಸಾವ್ಕಾರ್ರ. ಗಿಡದ ತಂಪು ಹಿಡದು ಹವಾ ಅಂತೀರಿ ನೀವು. ಖರೇ ಹವಾ ಅಂದ್ರ ಇದು, ಓಪನ್ ಜಾಗಾ." ಅಷ್ಟರಲ್ಲಿ ನನ್ನನ್ನು ಕಂಡರು. "ಓಹೋ, ಗಡಿಗಿಯವ್ರು ಬಂದ್ರು! ಚೀಲದಾಗೇನ ತಂದೀರಿ, ಲೋಟಾನ?"

ನಕ್ಕರು, ಎಲ್ಲರೂ.

"ಥರ್ಮಾಮೀಟರ್ ಐತ್ರಿ. ನಿಮ್ಮದರ ಜೋಡಿ ಹಿಡದು ನೋಡೂಣ ಅಂತ."

"ನೋಡ್ರಿ, ನೋಡ್ರಿ. ಪೂಜಾ ದಿನ ಬ್ಯಾಡ ಅನ್ನಬಾರದು."

"ಕಾಕೂ, ಒಂದ ಸ್ವಲ್ಪ ಕೊಡಿ ಹಿಡೀತೀರೇನ್ರಿ?"

ಸಾಹೇಬರ ಹೆಂಡತಿ ಕೊಡೆ ತಂದು ಬಿಚ್ಚಿದರು. ಗೂಡಿನ ಪಕ್ಕದಲ್ಲಿ, ಕೊಡೆಯ ನೆರಳಲ್ಲಿ, ಕೈ ಮುಂದೆ ಚಾಚಿ ತಿರುಗಿಸಿದೆ. ಯಾರೋ "ಗಿರಗಿಟ್ಲಿ" ಎಂದರು, ಮತ್ತೆ ನಗು. ನಿಲ್ಲಿಸಿ, ನಾನು ನೋಡದೆ, ನೇರ ಸಾಹುಕಾರರ ಕೈಗೆ ಕೊಟ್ಟೆ. ನನ್ನ ಬಾಯಿಂದ ಅಂಕಿ ಬರಬಾರದು ಎಂದು ಮೊದಲೇ ನಿಶ್ಚಯಿಸಿದ್ದೆ.

"ನೀವ ಓದ್ರಿ. ಬುಡಕ್ಕ ಕೈ ಹಚ್ಚಬ್ಯಾಡ್ರಿ, ಉಸರ ತಾಗಸಬ್ಯಾಡ್ರಿ."

"ಮೂವತ್ತು," ಎಂದರು ಸಾಹುಕಾರರು. "ಮ್ಯಾಲ ಒಂದ ಗೀಟು. ಮೂವತ್ತು ಪಾಯಿಂಟ್ ಎರಡು."

"ಕಾಜಿನ ನಳಿಗಿ ಅದು, ಸಾಲಿ ಹುಡುಗೂರ್ದು," ಎಂದರು ಸಾಹೇಬರು.

ಮತ್ತೊಮ್ಮೆ ತಿರುಗಿಸಿ ಕೊಡೆಯ ಕೆಳಗೇ ಕಾಕುವಿಗೆ ತೋರಿಸಿದೆ. "ಗೀಟು ಸಣ್ಣ ಅದಾವ. ಮೂವತ್ತಂತೂ ಖರೇ ಕಾಣ್ತದ ನನಗೂ," ಎಂದರು. ಈಗ ನಗುತ್ತಿರಲಿಲ್ಲ ಯಾರೂ. ಸಾಹೇಬರ ಕಡೆ ಚಾಚಿದೆ.

"ನನ್ನ ಚಷ್ಮಾ ಕೆಳಗ ಅದ."

"ಕೊರಳಾಗ ಅದಲ್ರೀ!" ಎಂದರು ಅವರ ಹೆಂಡತಿ.

ದಾರದಲ್ಲಿ ಎದೆಯ ಮೇಲೆ ತೂಗುತ್ತಿದ್ದ ಕನ್ನಡಕವನ್ನು ಅವರು ಏರಿಸಿಕೊಳ್ಳುವವರೆಗೆ ಎಲ್ಲರೂ ಕಾದರು. "ಈ ಅಂಕಿ ಹಳೇದಾತ್ರಿ, ತಡೀರಿ," ಎಂದು ನಾನು ಥರ್ಮಾಮೀಟರನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ತಿರುಗಿಸಿದೆ. ಅಷ್ಟು ಹೊತ್ತು ತಿರುಗಿಸುವ ಅಗತ್ಯವಿರಲಿಲ್ಲ. ತಿರುಗಿಸಿದೆ.

ಅವರು ಓದಿದರು. ಗಟ್ಟಿಯಾಗಿ ಹೇಳಲಿಲ್ಲ.

"ಹಾರದ ಸಂಬಂಧ ಇರಬೇಕು," ಎಂದರು ಆಮೇಲೆ.

"ಹೌದ್ರಿ. ಒಂದೂವರಿ ಹಾರದ್ದು. ಉಳದ ಮೂರು ಸೋಲಾರ್ ಸ್ಟ್ಯಾಂಡಿಂದು. ಹಾರ ನಾಳೆ ತಗೀತೀರಿ, ಸ್ಟ್ಯಾಂಡು ದಿನಾ ಇರ್ತೈತಿ."

ಯಾರೋ ಕುರ್ಚಿ ಸರಿಸಿದರು. ನಾನು ಅವ್ವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ.

"ಅವ್ವಾ, ಗ್ವಾಡಿ ಮ್ಯಾಲಿನ ಮಷೀನ ನೋಡಿ ಹೇಳ. ಎಷ್ಟೈತಿ?"

"ಇಪ್ಪತ್ತೊಂಬತ್ತು ಚುಕ್ಕಿ ನಾಲ್ಕು. ಯಾಕ? ಊಟಾ ಮಾಡಿದೇನ?"

"ಇನ್ನೂ ಇಲ್ಲ. ಇಡ್ತೀನಿ." ಸಾಹೇಬರ ಕಡೆ ತಿರುಗಿದೆ. "ಖಾನಾಪುರದಾಗ ಇಪ್ಪತ್ತೊಂಬತ್ತು ಪಾಯಿಂಟ್ ನಾಲ್ಕು ಐತ್ರಿ. ನಿಮ್ಮದು ಮೂವತ್ನಾಲ್ಕು ಪಾಯಿಂಟ್ ಆರು. ಎರಡು ಕಮ್ಮಿ ಹಿಡದ್ರ ಮೂವತ್ತೆರಡು ಪಾಯಿಂಟ್ ಆರು. ಇವತ್ತ ಸಂಜಿಗೆ ಖಾನಾಪುರದ್ದು ಯಾವುದು ಓದ್ತೀರಿ?"

ಮೊದಲು ಅರ್ಥ ಮಾಡಿಕೊಂಡವರು ಸಾಹುಕಾರರು. "ಎರಡು ಕಮ್ಮಿ ಅಂದ್ರ? ಖಾನಾಪುರದ್ದು ಯಾರೂ ಅಳದು ಕಳಸೂದಿಲ್ಲ?"

"ನಾ ಕಳಸ್ತೀನ್ರಿ ದಿನಾ. ಸಾಹೇಬ್ರು ತಮ್ಮದರಾಗಿಂದ ಎರಡು ತಗದು ಓದ್ತಾರ."

"ಅಯ್ಯ ಇವನ! ನಮ್ಮ ಬೀಗರು ಖಾನಾಪುರದವ್ರು. ದಿನಾ ಫೋನ ಮಾಡಿ ನಿಮ್ಮೂರಾಗ ಇಷ್ಟೈತಿ ಅಂತ ಹೇಳ್ತಿದ್ನಲ್ರಿ ನಾ. ನಮಗ ಅಷ್ಟು ಅನಸೂದಿಲ್ಲ ಅಂದ್ರ, ನಿಮಗೇನ ಗೊತ್ತು, ಮಷೀನ ಹೇಳೈತಿ ಅಂತಿದ್ದೆ!"

"ಅಂದಾಜು," ಎಂದರು ಸಾಹೇಬರು. "ಅಂದಾಜು ಹೇಳಿದ್ರ ತಪ್ಪೇನ ಅದ?"

ಅವರ ಹೆಂಡತಿ ಕೊಡೆ ಮಡಚುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದರು. "ಮನ್ಯಾಗೂ ಹಿಂಗ. ಚಾ ಆರೇದ ಅಂದ್ರೂ ಒಪ್ಪೂದಿಲ್ಲ. ಕಪ್ಪಿನಾಗ ಬೆರಳ ಅದ್ದಿ ತೋರಸಬೇಕು."

ಗುಂಪು ನಕ್ಕಿತು. ಸಾಹೇಬರ ಕಿವಿ ಕೆಂಪಾದವು. ನನಗೆ ಖುಷಿಯಾಯಿತು. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ತಿಂಗಳುಗಟ್ಟಲೆ ಕಾದು, ಅಳೆದು, ಒರೆಗೆ ಹಚ್ಚಿ ಇಟ್ಟುಕೊಂಡ ಖುಷಿ. ಅವರು ಕಣ್ಣು ತಪ್ಪಿಸುವಾಗ ನಾನು ತಪ್ಪಿಸಲಿಲ್ಲ. ಊಟಕ್ಕೆ ಕೂತಾಗ ಕಾಕು ಹೋಳಿಗೆ ಬಡಿಸುತ್ತ ಬಂದರು, ಎರಡನೆಯದನ್ನೂ ಹಾಕಿಸಿಕೊಂಡು ತುಪ್ಪ ಕೇಳಿ ತಿಂದೆ. ಎದುರಿನ ಸಾಲಿನಲ್ಲಿ ಸಾಹೇಬರು ಅನ್ನ ಕಲಸುತ್ತಲೇ ಇದ್ದರು. ಬರುವಾಗ ಅವರು "ಹೋಗಿ ಬರ್ರಿ" ಎಂದೂ ಅನ್ನಲಿಲ್ಲ, ನಾನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಸಂಜೆ ಸಂದೇಶ ಬರಲಿಲ್ಲ. ಗುಂಪಿನಲ್ಲಿ ಒಬ್ಬರು, "ಸಾಹೇಬ್ರ, ಇವತ್ತಿನ ಹವಾ?" ಎಂದು ಕೇಳಿದ್ದರು. "ಇವತ್ತ ಹವಾ ಗರಂ ಐತಿ, ಸುಮ್ಮನಿರ್ರಿ," ಎಂದು ಸಾಹುಕಾರರು ಬರೆದಿದ್ದರು. ಅವ್ವ ಎರಡು ಸಲ ಫೋನು ನೋಡಿದಳು.

"ಇವತ್ತ ಅಂವ ಬಾಯಿನ ತಗೀಲಿಲ್ಲ. ಏನ ಮಾಡಿ ಬಂದಿ ನೀ?"

"ಊಟಾ ಮಾಡಿ ಬಂದೆ."

ಮರುದಿನ ವಿಜಯದಶಮಿ. ಎದ್ದು ಫೋನು ತೆಗೆದಾಗ ಗುಂಪಿನಲ್ಲಿ ಸಾಹೇಬರ ಸಂದೇಶವಿತ್ತು. ಧ್ವನಿಯಿಲ್ಲ, ಬರವಣಿಗೆ. "ಖಾನಾಪುರದ ಅಂಕಿ ಇಷ್ಟು ದಿನ ನಾನು ಅಂದಾಜಿನಿಂದ ಹೇಳುತ್ತಿದ್ದೆ. ಅಳೆದದ್ದಲ್ಲ. ಇನ್ನು ಮುಂದೆ ಅವರು ಕಳಿಸಿದ್ದನ್ನೇ ಓದುತ್ತೇನೆ. ನಮ್ಮ ಯಂತ್ರವನ್ನು ಎಲ್ಲಿ ಹಚ್ಚಬೇಕು ಎಂದು ಮೇಡಂ ಹೇಳಿದರೆ ಉಪಕಾರ." ಅದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ನನ್ನ ಉತ್ತರಕ್ಕೆ ಎಲ್ಲರೂ ಕಾಯುತ್ತಿದ್ದರು.

ನನಗೆ ಉತ್ತರ ಗೊತ್ತಿತ್ತು. ಅವರ ಗೇಟಿನ ಎಡಕ್ಕೆ ಒಂದು ಹುಲ್ಲಿನ ತುಂಡು ಇದೆ. ಅಲ್ಲಿ ಕಂಬ ನೆಟ್ಟರೆ ಸಾಕು. ಇನ್ನೊಂದು ಜಾಗವೂ ಗೊತ್ತಿತ್ತು. ಮೆಟ್ಟಿಲ ಕೋಣೆಯ ಹಿಂದೆ, ನೋಡಲು ನೆರಳು, ನೋಡಲು ಗಾಳಿ, ಆದರೆ ಗೋಡೆಯ ಬಿಸಿ ಸಂಜೆಯ ತನಕ ಬಿಡದ ಜಾಗ. ಅಲ್ಲಿಟ್ಟರೆ ವರ್ಷವಿಡೀ ಒಂದು ಡಿಗ್ರಿ ತಪ್ಪಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಅದನ್ನೇ ಬರೆದೆ, ಪೂರ್ತಿ ಬರೆದೆ. ನಂತರ ಅಳಿಸಿದೆ. ಅವರ ಮೇಲಿನ ಕರುಣೆಯಿಂದಲ್ಲ. ತಪ್ಪು ಅಂಕಿಯೊಂದಕ್ಕೆ ನನ್ನ ಕೈ ತಾಗುವುದು ನನಗೆ ಬೇಡವಾಗಿತ್ತು. ಹುಲ್ಲಿನ ಜಾಗವನ್ನೂ ಬರೆಯಲಿಲ್ಲ.

ಅವ್ವ ದೇವರ ಮುಂದೆ ಬನ್ನಿ ಎಲೆಗಳನ್ನು ಹರಡಿ, ಒಳ್ಳೆಯವನ್ನು ಆರಿಸುತ್ತಿದ್ದಳು. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎಂದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು, ನಮ್ಮ ಕಡೆ.

"ಸಂಜಿಗೆ ಬೆಳಗಾವಿಗೆ ಹೋಗಿ ಆ ಸಾಹೇಬಗ ಬನ್ನಿ ಕೊಟ್ಟ ಬಾ. ಹಿರ್ಯಾ ಮನಷಾ, ಉಣಿಸಿ ಕಳಿಸ್ಯಾನ."

"ಇಲ್ಲ," ಎಂದೆ.

ಅಂಗಳಕ್ಕೆ ಹೋಗಿ ಗೂಡಿನ ಮೇಲಿನ ತಟ್ಟೆಯ ಇಬ್ಬನಿ ಒರೆಸಿದೆ. ಒಳಗೆ ಬಂದು ರಾತ್ರಿಯ ಕನಿಷ್ಠ ನೋಡಿದೆ. ಸಾಹೇಬರ ಪ್ರಶ್ನೆಯ ಕೆಳಗೆ "ಖಾನಾಪುರ, ಕನಿಷ್ಠ 18.7" ಎಂದು ಬರೆದು ಕಳಿಸಿ, ಫೋನು ಬೋರಲು ಹಾಕಿ ಚಹಾಕ್ಕಿಟ್ಟೆ.